ಒಂಟ್ಯಾ ಗುಡ್ಡ ಹತ್ತದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ಸುತ್ತ ಒಂದು ತೋಳ ಓಡಾಡಿಕೊಂಡಿತ್ತು. ಗುಂಪಿಲ್ಲ, ಜೋಡಿ ಇಲ್ಲ, ಮರಿ ಇಲ್ಲ. ಒಂದೇ ಒಂದು. ಅಪ್ಪ ಅದಕ್ಕೆ ಒಂಟ್ಯಾ ಎಂದು ಹೆಸರಿಟ್ಟಿದ್ದ. ಮನೆಯಲ್ಲಿ ಅದರ ಮಾತು ಬಂದಾಗ ನಾವು ದೂರದ ನೆಂಟರೊಬ್ಬರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದೆವು. ನೆಂಟರಿಗಿಂತ ಅದೇ ಮೇಲು, ಬಂದರೂ ಊಟ ಕೇಳುತ್ತಿರಲಿಲ್ಲ.

ನಮ್ಮ ಹೊಲ ಕಮಲಾಪುರದ ಆಚೆ, ಕೆಂಪು ಮಣ್ಣು ಮುಗಿದು ಕರಿ ಮಣ್ಣು ಶುರುವಾಗುವ ಜಾಗದಲ್ಲಿತ್ತು. ಕೆಂಪು ನೆಲದಲ್ಲಿ ಬಾಳೆ ತೋಟ. ಕಮಲಾಪುರದ ಕೆಂಬಾಳೆ ನೀವೂ ತಿಂದಿದ್ದೀರಿ ಮಕ್ಕಳೇ, ಆದರೆ ಗಿಡದ ಮೇಲೆ ತೂಗುವ ಕೆಂಪು ಗೊನೆಯನ್ನು ಬೆಳಗಿನ ಬಿಸಿಲಲ್ಲಿ ನೋಡಿಲ್ಲ. ಕರಿ ನೆಲದಲ್ಲಿ ಜೋಳ ಮತ್ತು ತೊಗರಿ. ಅದರಾಚೆ ಒಂದು ಹಳ್ಳ, ಹಳ್ಳದಾಚೆ ಹುಲ್ಲುಗಾವಲು, ಹುಲ್ಲಿನ ನಡುವೆ ಬಾರಿಹಣ್ಣಿನ ಮುಳ್ಳುಕಂಟಿಗಳು ಮುತ್ತಿದ ಒಂದು ಕೆಂಪು ಗುಡ್ಡ.

ಒಂಟ್ಯಾನ ಮನೆ ಆ ಗುಡ್ಡ. ಹಗಲೆಲ್ಲ ಅದು ಕಂಟಿಯ ನೆರಳಿನಲ್ಲಿ ಮಲಗುತ್ತಿತ್ತು. ಹೊತ್ತು ಇಳಿದ ಮೇಲೆ ಕೆಳಗಿಳಿದು ಹಳ್ಳದಲ್ಲಿ ನೀರು ಕುಡಿದು, ಒಡ್ಡಿನ ಗುಂಟ ನಡೆದು, ತೊಗರಿ ಸಾಲುಗಳಲ್ಲಿ ಮೊಲ, ಇಲಿ ಹುಡುಕಿ, ಬಾಳೆ ತೋಟದ ಹೊರಗಿನಿಂದಲೇ ಸುತ್ತುಹಾಕಿ ಬೆಳಕು ಹರಿಯುವುದರೊಳಗೆ ಮತ್ತೆ ಗುಡ್ಡ ಸೇರುತ್ತಿತ್ತು. ತೋಟದ ಹಸಿ ಕೆಸರಿನಲ್ಲಿ ಅದು ಕಾಲಿಡುತ್ತಿರಲಿಲ್ಲ. ಮನುಷ್ಯರ ದನಿ ಕೇಳುವ ಕಡೆಗಂತೂ ಸುಳಿಯುತ್ತಲೇ ಇರಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡವರು ಯಾರೂ ಇಲ್ಲ. ಅಪ್ಪ ಮತ್ತು ನಾನು ಬೆಳಿಗ್ಗೆ ತೋಟಕ್ಕೆ ನೀರು ಹಾಯಿಸಲು ಹೋಗುವಾಗ ಧೂಳಿನ ಮೇಲಿನ ಹೆಜ್ಜೆ ನೋಡಿ ತಿಳಿದುಕೊಂಡದ್ದು.

ಅಪ್ಪನಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಮಸುಕು. ಕನ್ನಡಕ ಹಾಕಿಕೊಂಡರೆ ಜನ ಮಾಸ್ತರ ಅಂದಾರು ಎಂದು ಹಾಕಿಕೊಳ್ಳುತ್ತಿರಲಿಲ್ಲ. ಹಾಗಾಗಿ ನೆಲ ನೋಡುವ ಕೆಲಸ ನನ್ನದು. ನಾಯಿಯ ಹೆಜ್ಜೆಗೂ ತೋಳದ ಹೆಜ್ಜೆಗೂ ಏನು ವ್ಯತ್ಯಾಸ ಎಂದು ಕೇಳಿದರೆ ಅವ್ವ ಹೇಳುತ್ತಿದ್ದಳು: ನಾಯಿ ಸಂತೆಗೆ ಹೋದ ಗಂಡಸಿನ ಹಾಗೆ ಕಂಡಕಂಡಲ್ಲಿ ನಿಲ್ಲುತ್ತದೆ, ತೋಳ ಮನೆಯಲ್ಲಿ ಒಲೆ ಮೇಲೆ ಹಾಲಿಟ್ಟು ಬಂದ ಹೆಂಗಸಿನ ಹಾಗೆ ನೆಟ್ಟಗೆ ನಡೆಯುತ್ತದೆ. ಹೇಳುವಾಗ ಅಪ್ಪನ ಕಡೆಗೇ ನೋಡುತ್ತಿದ್ದಳು. ಒಂಟ್ಯಾನಿಗೆ ಇನ್ನೊಂದು ಗುರುತೂ ಇತ್ತು. ಅದರ ಎಡ ಹಿಂಗಾಲಿನಲ್ಲಿ ಒಂದು ಬೆರಳು ಇರಲಿಲ್ಲ. ಯಾವ ಉರುಲಿಗೆ ಸಿಕ್ಕು ಕಳೆದುಕೊಂಡಿತ್ತೋ ಏನೋ.

ನಾನು ಹೇಳಹೊರಟದ್ದು ಎಳ್ಳಮವಾಸ್ಯೆಯ ಒಂದು ದಿನದ ಮಾತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆನ್ನಿಗೆ ಬಣ್ಣದ ಜೂಲು ಹೊದಿಸಿದ ಎತ್ತುಗಳನ್ನು ಗಾಡಿಗೆ ಹೂಡಿ, ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹತ್ತೆಂಟು ಬಗೆಯ ಕಾಯಿಪಲ್ಯ ಕೂಡಿಸಿ ಮಾಡಿದ ಭಜ್ಜಿ ಹೇರಿಕೊಂಡು ಹೋದೆವು. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಅಕ್ಕ, ನಾನು. ಬೆಳಗಿನ ಥಂಡಿ ಇನ್ನೂ ಬಿಟ್ಟಿರಲಿಲ್ಲ. ಜೋಳದ ತೆನೆಗಳ ಮೇಲೆ ಇಬ್ಬನಿ ಇತ್ತು, ಹೊಲದಿಂದ ಹೊಲಕ್ಕೆ ಭಜ್ಜಿಯ ವಾಸನೆ ಹರಡಿತ್ತು. ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿದೆವು.

ಪೂಜೆಯಾದ ಮೇಲೆ ಚರಗ ಚೆಲ್ಲುವುದು. ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತ ಹೋಗುವುದಕ್ಕೆ ಚರಗ ಎನ್ನುತ್ತಾರೆ. ಭೂಮಿತಾಯಿಗೆ ಮೊದಲ ತುತ್ತು. ಅವಳ ಜೊತೆಗೆ ಹೊಲದಲ್ಲಿರುವ ಹಕ್ಕಿ, ಹುಳ, ಇಲಿ, ಇರುವೆ, ಎಲ್ಲಕ್ಕೂ ಒಂದೊಂದು ಪಾಲು. ಆ ದಿನ ಹೊಲಕ್ಕೆ ಬಂದ ಯಾವ ಜೀವವನ್ನೂ ಓಡಿಸಬಾರದು ಎಂದು ಆಯಿ ಪ್ರತಿ ವರ್ಷ ಹೇಳುತ್ತಿದ್ದಳು.

ಅಪ್ಪ ಕೂಗುತ್ತ ಚೆಲ್ಲಿ ಮುಂದೆ ಹೋದ, ಅಕ್ಕ ಹಿಂದಿನಿಂದ ನೀರು ಚಿಮುಕಿಸುತ್ತ ಓಗೊಟ್ಟಳು. ಒಂದು ಸುತ್ತು ಮುಗಿದು ಊಟಕ್ಕೆ ಕೂತಿದ್ದೆವು. ಆಗ ತೊಗರಿ ಸಾಲು ಅಲುಗಿತು. ಹಾಡುಹಗಲು, ನೆತ್ತಿಯ ಮೇಲೆ ಸೂರ್ಯ, ನಾಲ್ಕೂ ಕಡೆ ಜನರ ಗದ್ದಲ. ಒಂಟ್ಯಾ ಹೊರಗೆ ಬಂದು ನಿಂತಿತು.

ನಾನು ಅದನ್ನು ಮೊದಲ ಸಲ ಕಂಡದ್ದು ಆಗಲೇ. ಎಷ್ಟೋ ವರ್ಷ ಹೆಜ್ಜೆ ನೋಡಿ ನೋಡಿ ನಾನು ಕಲ್ಪಿಸಿಕೊಂಡಿದ್ದ ತೋಳ ದೊಡ್ಡದಾಗಿತ್ತು, ಗಂಭೀರವಾಗಿತ್ತು. ಇದು ಒಣಗಿದ ಹುಲ್ಲಿನ ಬಣ್ಣದ ಒಂದು ಬಡಕಲು ಪ್ರಾಣಿ. ತಲೆ ಕೆಳಗೆ ಹಾಕಿತ್ತು. ಬಾಯಿಯ ಒಂದು ಮಗ್ಗುಲಿನಿಂದ ಜೊಲ್ಲು ಇಳಿದು ಎದೆಯ ಕೂದಲು ಮುದ್ದೆಯಾಗಿತ್ತು. ನಮ್ಮ ಕಡೆ ಮುಖ ಮಾಡಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ.

ಅಪ್ಪ ಕೋಲಿಗೆ ಕೈ ಹಾಕಿದ. ಆಯಿ ತಡೆದಳು.

"ಸುಮ್ಮ್ ಕೂಡೋ. ಒಂಟ್ಯಾ ತನ್ನ ಪಾಲು ತಿನ್ನಾಕ ಬಂದಾನ. ಇವತ್ತ ಯಾರನ್ನೂ ಹೊಡಿಬಾರ್ದು."

ಅಪ್ಪ ಕೋಲು ಕೆಳಗಿಟ್ಟ. ನಮಗೆಲ್ಲ ಹೆದರಿಕೆಯ ಜೊತೆಗೆ ಒಂದು ನಮೂನೆಯ ಹೆಮ್ಮೆಯೂ ಆಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಯಾರ ಹೊಲಕ್ಕೂ ಹೋಗದ ತೋಳ ನಮ್ಮ ಚರಗಕ್ಕೆ ಬಂದಿತ್ತಲ್ಲ. ಅಕ್ಕ ಮೆಲ್ಲಗೆ ಎದ್ದಳು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಹಾಯುವ ಎತ್ತಿಗೂ ಮೈ ಉಜ್ಜಿ ಸ್ನೇಹ ಮಾಡಿಕೊಳ್ಳುವವಳು. ಒಂದು ಎಲೆಯಲ್ಲಿ ಎರಡು ಕಡಬು ಇಟ್ಟುಕೊಂಡು ಒಡ್ಡಿನ ಹತ್ತಿರ ಹೋಗಿ ಬಗ್ಗಿದಳು.

ಒಂಟ್ಯಾ ಚರಗದ ಅನ್ನವನ್ನು ಮೂಸಲಿಲ್ಲ. ತುಳಿದುಕೊಂಡೇ ಬಂತು. ಗುರ್ರೆನ್ನಲಿಲ್ಲ, ಹಲ್ಲು ಕಿಸಿಯಲಿಲ್ಲ. ಎಲೆ ಹಿಡಿದಿದ್ದ ಅಕ್ಕನ ಕೈಯನ್ನು ಕಚ್ಚಿ, ಬಿಟ್ಟು, ಏನೂ ಆಗದ ಹಾಗೆ ನಮ್ಮ ಪಕ್ಕದಿಂದಲೇ ನಡೆದು ಹೋಯಿತು.

ಅಕ್ಕ ಅಳಲಿಲ್ಲ. ಕೈಯನ್ನು ಬೇರೆಯವರ ಕೈ ನೋಡುವ ಹಾಗೆ ನೋಡುತ್ತ ನಿಂತಿದ್ದಳು. ಹೆಬ್ಬೆರಳ ಕೆಳಗೆ ಎರಡು ತೂತು, ಅವುಗಳಿಂದ ರಕ್ತ ನಿಧಾನವಾಗಿ ಬರುತ್ತಿತ್ತು. ಆಯಿ ಓಡಿಹೋಗಿ ಬುಟ್ಟಿಯಲ್ಲಿದ್ದ ಖಾರದ ಪುಡಿ, ಅರಿಶಿನ ತಂದು ಗಾಯಕ್ಕೆ ಮೆತ್ತಿದಳು. ಆಗ ಅಕ್ಕ ಕಿರುಚಿದ ದನಿ ಪಕ್ಕದ ಹೊಲಗಳಿಗೂ ಕೇಳಿರಬೇಕು. ಮಕ್ಕಳೇ, ಗಾಯಕ್ಕೆ ಖಾರ ಹಾಕುವುದು ಶುದ್ಧ ತಪ್ಪು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ನಮಗೆ ಅದು ಗೊತ್ತಿರಲಿಲ್ಲ.

ಹುಚ್ಚು ಎಂಬ ಮಾತನ್ನು ಮೊದಲು ಆಡಲು ಎಲ್ಲರೂ ಅಂಜಿದರು. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಹುಚ್ಚು ಹಿಡಿದ ಪ್ರಾಣಿ ಕಚ್ಚಿದರೆ ಗುಲಬರ್ಗಾದ ದೊಡ್ಡ ದವಾಖಾನೆಗೆ ಹೋಗಿ ದಿನಾ ಒಂದರಂತೆ ಹೊಕ್ಕುಳಿನ ಸುತ್ತ ಸೂಜಿ ಹಾಕಿಸಿಕೊಳ್ಳಬೇಕು. ಈಗಿನ ಕಲಬುರಗಿಗೆ ಆಗ ಗುಲಬರ್ಗಾ ಎಂದೇ ಹೆಸರು. ಸೂಜಿ ಹಾಕಿಸಿಕೊಳ್ಳದಿದ್ದರೆ ಸಾವು, ಅದಕ್ಕೆ ಬೇರೆ ಮದ್ದಿಲ್ಲ. ಆದರೆ ಆ ಸೂಜಿಯ ಬಗ್ಗೆ ಊರಲ್ಲಿ ಎಂಥೆಂಥ ಕತೆಗಳಿದ್ದವೆಂದರೆ ಜನ ಸಾವಿಗಿಂತ ಅದಕ್ಕೇ ಹೆಚ್ಚು ಅಂಜುತ್ತಿದ್ದರು. ನಮ್ಮ ಓಣಿಯ ಒಬ್ಬ ಗಟ್ಟಿಮುಟ್ಟಾದ ಮನುಷ್ಯನೇ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ.

"ನೀರ ಮುಟ್ಟ್ಯದೋ ಇಲ್ಲೋ ನೋಡ್ಕೊಂಡ್ ಬಾ," ಎಂದಳು ಆಯಿ. "ಹುಚ್ಚ ಹಿಡದ ಪ್ರಾಣಿ ನೀರಿಗಿ ಅಂಜತದ. ಹಳ್ಳದಾಗ ನೀರ ಕುಡದಿತ್ತಂದ್ರ ಕೂಸಿಗಿ ಏನೂ ಆಗಂಗಿಲ್ಲ."

ಇದು ಆಯಿಯೊಬ್ಬಳ ನಂಬಿಕೆಯಲ್ಲ. ಊರೆಲ್ಲ ಹಾಗೇ ನಂಬಿತ್ತು, ಅಪ್ಪನೂ ನಂಬಿದ್ದ. ಅಕ್ಕ ಅವ್ವನ ಸೆರಗಿನಲ್ಲಿ ಕೈ ಸುತ್ತಿಕೊಂಡು ಅಪ್ಪನನ್ನೇ ನೋಡಿದಳು.

"ಕುಡದಿದ್ರ ಸೂಜಿ ಬ್ಯಾಡಲ್ಲಪ್ಪಾ?"

ಅಪ್ಪ ಹೌದೆಂದು ತಲೆಯಾಡಿಸಿ ಗಾಡಿಯಲ್ಲಿದ್ದ ಕೊಡಲಿ ಹೆಗಲಿಗೇರಿಸಿದ. ನನ್ನನ್ನು ಕರೆದ. ಅವ್ವ ಬೇಡವೆಂದಳು. "ನೆಲ ನನ್ನ ಕಣ್ಣಿಗಿ ಕಾಣಂಗಿಲ್ಲ," ಎಂದು ಅಪ್ಪ ಅಷ್ಟೇ ಹೇಳಿದ. ನನ್ನನ್ನು ತನ್ನ ಬೆನ್ನ ಹಿಂದೆಯೇ ಇರಿಸಿಕೊಂಡು, ದೂರವನ್ನು ತಾನು ನೋಡುತ್ತ, ನೆಲವನ್ನು ನನ್ನಿಂದ ನೋಡಿಸುತ್ತ ಹೊರಟ.

ಹೆಜ್ಜೆ ಸಿಗುವುದು ಕಷ್ಟವಾಗಲಿಲ್ಲ. ಕಷ್ಟವಾಗದಿದ್ದುದೇ ನನಗೆ ಸರಿ ಕಾಣಲಿಲ್ಲ. ಒಂಟ್ಯಾ ಯಾವಾಗಲೂ ಒಡ್ಡಿನ ಅಂಚಿನಲ್ಲಿ, ಹುಲ್ಲಿನ ಮರೆಯಲ್ಲಿ ನಡೆಯುತ್ತಿತ್ತು, ಅರ್ಧ ಹೆಜ್ಜೆ ಸಿಕ್ಕರೆ ಅರ್ಧ ಊಹಿಸಬೇಕಿತ್ತು. ಅಂದು ಅದು ಗಾಡಿ ದಾರಿಯ ನಟ್ಟನಡುವೆ ನಡೆದಿತ್ತು. ಮೂರು ಬೆರಳಿನ ಎಡ ಹಿಂಗಾಲು ಎದ್ದು ಕಾಣುತ್ತಿತ್ತು. ಪ್ರತಿ ಹೆಜ್ಜೆಯ ಮುಂದೆ ಧೂಳಿನಲ್ಲಿ ಉಗುರು ಎಳೆದ ಗೆರೆಗಳಿದ್ದವು.

"ಅಪ್ಪಾ, ಕಾಲ ಎಳದದ."

"ಮುದಿ ಆಗ್ಯಾನ ಅಂವ," ಎಂದ ಅಪ್ಪ.

ಹೆಜ್ಜೆ ನೇರ ನಮ್ಮ ಬಾಳೆ ತೋಟದ ಒಳಗೆ ಹೋಗಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕಾಲಿಡದ ಹಸಿ ಕೆಸರಿನಲ್ಲಿ ಆಳವಾಗಿ ಕಾಲೂರಿ ಈ ಕಡೆಯಿಂದ ಆ ಕಡೆಗೆ ದಾಟಿತ್ತು. ತೋಟದೊಳಗೆ ಹೊರಗಿನ ಹಬ್ಬದ ಸದ್ದು ಒಂದೂ ಕೇಳುತ್ತಿರಲಿಲ್ಲ. ಎಲೆಗಳಿಂದ ತೊಟ್ಟಿಕ್ಕುವ ನೀರಿಗೂ ನಾನು ಬೆಚ್ಚುತ್ತಿದ್ದೆ. ಒಂದು ಎಳೆ ಬಾಳೆ ಗಿಡದ ಮೈ ಹರಿದಿತ್ತು. ಗೊನೆಗೆ ಕೊಟ್ಟಿದ್ದ ಆಸರೆಯ ಕೋಲಿನ ಮೇಲೆ ಹಲ್ಲಿನ ಗುರುತು, ಅದಕ್ಕೆ ಅಂಟಿದ ನೊರೆ. ನಾನು ಮುಟ್ಟಲು ಹೋದೆ. ಅಪ್ಪ ನನ್ನ ಜಡೆ ಹಿಡಿದು ಹಿಂದಕ್ಕೆಳೆದ. ಅಪ್ಪ ಅದುವರೆಗೆ ಒಂದು ದಿನವೂ ನನ್ನ ಮೇಲೆ ಕೈ ಮಾಡಿದವನಲ್ಲ.

"ಹಸದಾನ," ಎಂದ. "ಹೊಲದಾಗೆಲ್ಲ ಮಂದಿ ತುಂಬ್ಯಾರ. ಗಾಬರಿ ಆಗ್ಯಾನ. ಅದಕ್ಕ ಹಿಂಗ."

ಹಸಿದ ತೋಳ ಕೋಲು ಕಚ್ಚುತ್ತದೆಯೇ ಎಂದು ನಾನು ಕೇಳಲಿಲ್ಲ. ಅಪ್ಪನಿಗೂ ಆ ಪ್ರಶ್ನೆ ಬಂದಿತ್ತು, ಬಂದದ್ದನ್ನು ಅವನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರಲ್ಲ, ಆ ಮಧ್ಯಾಹ್ನ ಅಪ್ಪ ಒಂದೊಂದೇ ಕಡ್ಡಿ ಹಿಡಿದುಕೊಂಡು ನಡೆಯುತ್ತಿದ್ದ.

ತೋಟ ದಾಟಿ, ಕೊಯ್ದ ತೊಗರಿಯ ಕೂಳೆ ಚುಚ್ಚುವ ಹೊಲ ದಾಟಿ, ಹಳ್ಳಕ್ಕೆ ಬಂದೆವು. ಅಪ್ಪ ದಂಡೆಯ ಮೇಲೆಯೇ ನಿಂತುಬಿಟ್ಟ. ಮುಂದೆ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ. "ನೀನೇ ನೋಡವ್ವಾ," ಎಂದ. ನಾನು ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಹೆಜ್ಜೆ ನೀರಿನ ಅಂಚಿಗೆ ಇಳಿದಿತ್ತು. ಮುಂಗಾಲುಗಳೆರಡೂ ಜೋಡಿಯಾಗಿ ಕೆಸರಿನಲ್ಲಿ ಹೂತಿದ್ದವು. ಅಲ್ಲಿ ಬಹಳ ಹೊತ್ತು ನಿಂತಿತ್ತು. ಆಮೇಲೆ ನೀರಿನಲ್ಲೇ ಹಾದು ಆಚೆ ದಂಡೆ ಹತ್ತಿತ್ತು.

"ಕುಡದದಪ್ಪಾ. ನಿಂತು ಕುಡದದ. ನೀರಾಗೇ ದಾಟ್ಯದ."

ಅಪ್ಪ ಅಲ್ಲಿಯೇ ಕೂತ. ಕೊಡಲಿ ಪಕ್ಕಕ್ಕಿಟ್ಟು ಹಳ್ಳದ ನೀರನ್ನು ಮುಖಕ್ಕೆ ಎರಚಿಕೊಂಡ. ಹೆಗಲ ಮೇಲಿನ ಟಾವೆಲಿನಿಂದ ಎಷ್ಟು ಹೊತ್ತು ಮುಖ ಒರೆಸಿಕೊಂಡನೆಂದರೆ ಅದು ನೀರಲ್ಲ ಎಂದು ನನಗೆ ತಿಳಿಯಿತು. ನನಗೂ ಖುಷಿಯಾಗಿ ಅಳು ಬಂತು. ಅಕ್ಕನಿಗೆ ಸೂಜಿ ಬೇಡ, ಏನೂ ಬೇಡ. ಮನೆಗೆ ಹೋಗಿ ಉಳಿದ ಕಡಬು ತಿನ್ನುವುದು.

ಆಗಲೇ ತಿರುಗಿದ್ದರೆ ಈ ಕತೆಯನ್ನು ನಾನು ನಿಮಗೆ ಹೇಳುತ್ತಿರಲಿಲ್ಲ. ಯಾವ ಬಾಯಿಂದ ಹೇಳಲಿ? ಆದರೆ ಅಪ್ಪ ಎದ್ದು ಗುಡ್ಡದ ಕಡೆ ನೋಡಿದ. "ಮನಿ ಮುಟ್ಯಾನೇನು ಒಂದೀಟ ನೋಡ್ಕೊಂಡು ಹೋಗೂಣು," ಎಂದ. ಅಷ್ಟು ವರ್ಷ ದಿನಾ ಬೆಳಿಗ್ಗೆ ಮಾಡಿದ ಕೆಲಸ ಅದು. ಹೆಜ್ಜೆ ಗುಡ್ಡದ ಬುಡ ಮುಟ್ಟಿದ್ದನ್ನು ನೋಡದೆ ನಾವು ಎಂದೂ ಹಿಂದಿರುಗುತ್ತಿರಲಿಲ್ಲ.

ಹುಲ್ಲುಗಾವಲಿನಲ್ಲಿ ಹೊತ್ತು ಪಡುವಣಕ್ಕೆ ವಾಲಿತ್ತು. ಹುಲ್ಲು ಸೊಂಟದ ತನಕ ಇತ್ತು, ಗಾಳಿ ಬಂದಾಗ ಅದರೊಳಗೆ ಯಾರೋ ನಡೆದು ಹೋದ ಹಾಗೆ ದಾರಿ ತೆರೆದು ಮುಚ್ಚಿಕೊಳ್ಳುತ್ತಿತ್ತು. ದಿನಾ ಕೂಗುವ ಗೌಜಲ ಹಕ್ಕಿಗಳೂ ಸುಮ್ಮನಿದ್ದವು. ಗುಡ್ಡದ ಬುಡದಲ್ಲಿ, ಒಂಟ್ಯಾ ಮೇಲೆ ಹತ್ತುವ ಕಡೆ, ಕಂಟಿಗಳ ನಡುವೆ ಸವೆದ ಒಂದು ಸಣ್ಣ ದಾರಿಯಿತ್ತು. ಅದರ ಬಾಯಲ್ಲಿ ಕೆಂಪು ಪುಡಿಮಣ್ಣು. ನಾನು ಅಲ್ಲಿ ಬಗ್ಗಿ ನೋಡಿದೆ. ಹಳೆಯ ಹೆಜ್ಜೆಗಳಿದ್ದವು, ಗಾಳಿಗೆ ಅಂಚು ಕುಸಿದವು. ಹೊಸದು ಒಂದೂ ಇರಲಿಲ್ಲ.

ಹೊಸ ಹೆಜ್ಜೆ ಆ ದಾರಿಯ ಮುಂದೆಯೇ ಹಾದಿತ್ತು. ನಿಂತಿರಲಿಲ್ಲ, ತಿರುಗಿರಲಿಲ್ಲ, ಮೇಲೆ ನೋಡಿದ ಗುರುತೂ ಇರಲಿಲ್ಲ. ತನ್ನ ಮನೆಯ ಬಾಗಿಲ ಮುಂದಿನಿಂದ ಪರವೂರಿನವನ ಹಾಗೆ ದಾಟಿಕೊಂಡು ಮೂಡಣ ದಿಕ್ಕಿಗೆ ಹೋಗಿತ್ತು.

ಅಪ್ಪ ಕೊಡಲಿಯ ಕಾವು ನೆಲಕ್ಕೂರಿ ಮೇಲೆ ನೋಡಿದ. ಆಮೇಲೆ ಹೇಳಿದ, ನನಗಲ್ಲ, ಗುಡ್ಡಕ್ಕೆ ಹೇಳಿದ ಹಾಗೆ:

"ನೀರ ಕುಡದಿರಬೇಕು. ಆದ್ರ ಮನಿ ಮರತದ. ಮನಿ ಮರತದ್ದು ಇನ್ನೇನ ನೆನಪಿಟ್ಟೀತು?"

ಮೂಡಣಕ್ಕೆ ನಮ್ಮ ಪಕ್ಕದ ಹೊಲದವನ ಇನ್ನೊಂದು ಹೊಲವಿತ್ತು. ಅವನನ್ನು ನಾನು ಕಾಕಾ ಎನ್ನುತ್ತಿದ್ದೆ. ನನ್ನನ್ನು ಕಂಡಾಗಲೆಲ್ಲ "ನನ್ನ ಮಗನ್ನ ಲಗ್ನ ಆಗ್ತಿಯೇನ?" ಎಂದು ಕಾಡಿಸಿ ಅಳಿಸುತ್ತಿದ್ದ, ಆಮೇಲೆ ಜೇಬಿನಿಂದ ಬೆಲ್ಲ ತೆಗೆದು ಕೊಡುತ್ತಿದ್ದ. ಹೆಜ್ಜೆ ಹಿಡಿದು ನಾವು ಅಲ್ಲಿಗೆ ಮುಟ್ಟಿದಾಗ ಕಾಕಾ ಬೇವಿನ ಗಿಡದ ಕೆಳಗೆ ಹಬ್ಬದೂಟ ಮುಗಿಸಿ ಕಾಲು ಚಾಚಿ ಕೂತಿದ್ದ. ಧೋತರದ ಅಂಚು ಹರಿದಿತ್ತು. ಮೀನಖಂಡದ ಮೇಲೆ ಹಲ್ಲು ಗೀರಿದ ಗುರುತು.

"ನಿಮ್ಮ ಒಂಟ್ಯಾ ನನಗೂ ಹಬ್ಬದ ಶರಣು ಹೇಳಿ ಹೋದ ನೋಡಪಾ," ಎಂದು ನಕ್ಕ.

ಅಪ್ಪ ನಗಲಿಲ್ಲ. "ಏಳು. ಸಂಜಿಗಿ ಗುಲಬರ್ಗಾಕ್ಕ ಬಾಳಿಹಣ್ಣಿನ ಲಾರಿ ಹೋಗತದ. ನನ್ನ ಮಗಳಿಗಿ ಕಚ್ಚ್ಯದ, ಕರಕೊಂಡ ಹೊಂಟೀನಿ. ನೀನೂ ನಡಿ."

ಕಾಕಾ ನಗು ನಿಲ್ಲಿಸಿದ. ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡಿಕೊಂಡ. ಆಮೇಲೆ ನಮ್ಮೂರಲ್ಲಿ ಯಾರಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಹಳ್ಳದಾಗ ನೀರ ಕುಡದದೇನು?"

ಅಪ್ಪ ಹಳ್ಳದ ಕಡೆ ತಿರುಗಿ ನೋಡಿದ. ನನ್ನ ಮುಖ ನೋಡಿದ. ನಾನೂ ಅಲ್ಲೇ ಇದ್ದೆನಲ್ಲ, ಹೆಜ್ಜೆ ಓದಿದವಳೇ ನಾನು.

"ಕುಡದದ," ಎಂದ.

"ಮತ್ತ ಯಾಕ ಅಂಜತಿ?" ಕಾಕಾನ ಮುಖದಲ್ಲಿ ನಗು ವಾಪಸು ಬಂತು. ಅಪ್ಪ ಗುಡ್ಡದ ಮಾತು ಹೇಳಿದ, ಬಾಳೆ ತೋಟದ ಮಾತು ಹೇಳಿದ, ರಟ್ಟೆ ಹಿಡಿದು ಎಬ್ಬಿಸಲು ನೋಡಿದ. ಕಾಕಾ ಕೈ ಬಿಡಿಸಿಕೊಂಡ. "ಗೀರ್ಯದ ಅಷ್ಟ. ನೀರ ಕುಡದ ಪ್ರಾಣಿಗಿ ಹುಚ್ಚೆಲ್ಲಿಂದು? ನೀ ಹೋಗಿ ಬಾ," ಎಂದು ನನ್ನ ಕೈಗೆ ಬೆಲ್ಲದ ಚೂರು ಇಟ್ಟ. ನಾವು ಓಡೋಡಿ ಹಿಂದಿರುಗಿದೆವು.

ನಮ್ಮ ಗಾಡಿ ಹೂಡಿ ನಿಂತಿತ್ತು. ನೀರು ಕುಡಿದಿದೆ ಎಂದು ನಾನು ಹೇಳಿದೊಡನೆ ಆಯಿ ಭೂಮಿಗೆ ಕೈ ಮುಗಿದಳು. ದವಾಖಾನೆಗೆ ಹೋಗುವುದೇ ಎಂದು ಅಪ್ಪ ಹೇಳಿದಾಗ ಸಿಟ್ಟಾದಳು. ಕೂಸನ್ನು ಸುಮ್ಮನೆ ಕೊಲ್ಲುತ್ತೀಯಾ, ಹೊಟ್ಟೆ ತುಂಬ ಚುಚ್ಚಿಸುತ್ತೀಯಾ, ಹಬ್ಬದ ದಿನ ಹೊರಡಬೇಡ ಎಂದು ಗಾಡಿಯ ನೊಗ ಹಿಡಿದು ನಿಂತಳು. ಅಪ್ಪ ತಾಯಿಗೆ ಎದುರು ಮಾತಾಡಿದವನಲ್ಲ. ಅವನ ಗಟ್ಟಿತನ ಕರಗುತ್ತಿರುವುದು ನನಗೇ ಕಾಣುತ್ತಿತ್ತು. ಕೊನೆಗೆ ಅಕ್ಕನೇ ಎದ್ದು ಬಂದಳು. ಅವಳ ಕೈ ಬಾತು ಅರಿಶಿನ ಸಿಡಿದು ಉದುರುತ್ತಿತ್ತು.

"ಆಯಿ, ಅದು ನನ್ನ ಮಾರಿ ನೋಡಲಿಲ್ಲ," ಎಂದಳು. "ಕಚ್ಚುವಾಗನೂ ನೋಡಲಿಲ್ಲ. ನಾ ಸೂಜಿ ಹಾಕಸ್ಕೋತೀನಿ."

ಆಯಿ ನೊಗ ಬಿಟ್ಟಳು.

ನಮ್ಮ ತೋಟದ ಬಾಳೆಗೊನೆ ಒಯ್ಯುವ ವ್ಯಾಪಾರಿಯನ್ನು ನಾವು ಚಾಚಾ ಎನ್ನುತ್ತಿದ್ದೆವು. ಲಾರಿ ತುಂಬಿಸಿ ಹೊರಟು ನಿಂತಿದ್ದ ಅವರು ಅಕ್ಕನ ಕೈ ನೋಡಿದರು. "ಯಾ ಅಲ್ಲಾ. ಬೇಟಿ, ಮುಂದ ಕೂಡು. ಜಲ್ದಿ ಹೋಗೂಣ," ಎಂದು, ಮುಂದಿನ ಸೀಟಿನಲ್ಲಿ ಕೂತಿದ್ದ ತಮ್ಮ ಆಳನ್ನು ಗೊನೆಗಳ ಮೇಲೆ ಕಳಿಸಿದರು. ಅಪ್ಪನೂ ನಾನೂ ಅವಳ ಪಕ್ಕ ಹತ್ತಿದೆವು. ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆ ಹೊಲಗಳನ್ನೇ ನೋಡುತ್ತಿದ್ದ. ಹಬ್ಬ ಮುಗಿಸಿದ ಗಾಡಿಗಳು ಒಂದರ ಹಿಂದೊಂದು ಊರಿಗೆ ಮರಳುತ್ತಿದ್ದವು. ಒಂಟ್ಯಾ ಈಗ ಯಾರ ಹೊಲದಲ್ಲಿದೆಯೋ ಎಂದು ನಾನು ಅಂದುಕೊಂಡೆ, ಅಪ್ಪನೂ ಅದನ್ನೇ ಅಂದುಕೊಳ್ಳುತ್ತಿದ್ದ.

ದವಾಖಾನೆಯಲ್ಲಿ ಡಾಕ್ಟರು ಮೊದಲು ಮಾಡಿದ್ದು ಗಾಯದ ಖಾರವನ್ನೆಲ್ಲ ಸಾಬೂನಿನಿಂದ ತೊಳೆದದ್ದು. ಹಳ್ಳದ ನೀರಿನ ಮಾತನ್ನು ಅಪ್ಪ ಅವರಿಗೂ ಹೇಳಿದ. "ಹುಚ್ಚು ಹಿಡಿದದ್ದು ಒಮ್ಮೊಮ್ಮೆ ನೀರು ಕುಡಿಯುತ್ತದೆ, ಈಜುತ್ತದೆ ಕೂಡ. ಅದನ್ನು ನಂಬಿ ಕೂತವರು ಬಹಳ ಮಂದಿ ಹೋಗಿದ್ದಾರೆ ರೀ," ಎಂದರು ಅವರು. ಅಪ್ಪ ಗೋಡೆಗೆ ಒರಗಿದ. ಕಾಕಾನ ನೆನಪಾಗಿರಬೇಕು. ಮರುದಿನ ಬೆಳಿಗ್ಗೆಯೇ ಚಾಚಾನ ಲಾರಿಯಲ್ಲಿ, ಡಾಕ್ಟರ ಮಾತು ತಿಳಿಸಿ ಬೇಗ ಬಾ ಎಂದು ಕಾಕಾನಿಗೆ ಹೇಳಿ ಕಳಿಸಿದ. ಕಾಕಾ ಗಾಯ ಮಾಯುತ್ತಿದೆ ಎಂದು ಹೇಳಿ ಕಳಿಸಿದ.

ನಾವು ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ಅತ್ತೆಯ ಮನೆಯಲ್ಲಿ ಉಳಿದೆವು. ಅಕ್ಕ ದಿನಾ ದವಾಖಾನೆಗೆ ನಡೆದು ಹೋಗಿ ದಿನಾ ಹೊಟ್ಟೆ ಹಿಡಿದುಕೊಂಡು ಬಂದಳು. ಒಂದು ದಿನವೂ ತಪ್ಪಿಸಲಿಲ್ಲ. ನೋವು ಕತೆಗಳಲ್ಲಿ ಹೇಳಿದಷ್ಟಿಲ್ಲ, ಆದರೆ ಇಲ್ಲವೆಂದೇನೂ ಇಲ್ಲ ಎಂದಳು. ಅಪ್ಪ ಶರಣಬಸವೇಶ್ವರ ಗುಡಿಗೆ ಹೋಗಿ ಕೂತು ಬರುತ್ತಿದ್ದ.

ಒಂಟ್ಯಾ ಹುಮನಾಬಾದ್ ರಸ್ತೆಯ ಬದಿಯಲ್ಲೆಲ್ಲೋ ಸತ್ತು ಬಿದ್ದಿತ್ತು ಎಂಬ ಸುದ್ದಿ ಬಂತು. ಎಡ ಹಿಂಗಾಲಿನ ಬೆರಳು ನೋಡಿದಿರೇನು ಎಂದು ಅಪ್ಪ ಕೇಳಿದ, ಯಾರೂ ನೋಡಿರಲಿಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಅಲ್ಲಿಂದ ಮುಂದೆ ಊರಲ್ಲಿ ಕಳೆದುಹೋದ ಕೋಳಿ, ಕುರಿಮರಿ, ಹಗ್ಗ ಎಲ್ಲವೂ ಸತ್ತ ಒಂಟ್ಯಾನ ಲೆಕ್ಕಕ್ಕೇ ಬಿದ್ದವು. ಅಪ್ಪ ಮಾತ್ರ ಅದನ್ನು ಬೈಯಲಿಲ್ಲ. ಅದಕ್ಕೂ ಯಾವುದೋ ಹುಚ್ಚುನಾಯಿ ಕಚ್ಚಿರಬೇಕು ಎಂದಷ್ಟೇ ಹೇಳಿದ.

ಜೋಳ ಕೊಯ್ಲಿಗೆ ಬಂದಾಗ ಕಾಕಾನ ಮಗ ನಮ್ಮ ಮನೆಗೆ ಓಡಿ ಬಂದ. ಕಾಕಾನ ಹಳೆಯ ಗಾಯ ಎರಡು ದಿನದಿಂದ ಚುಮುಗುಟ್ಟುತ್ತಿತ್ತಂತೆ. ಅಂದು ಬೆಳಿಗ್ಗೆ ಹೆಂಡತಿ ಕೊಟ್ಟ ತಂಬಿಗೆಯ ನೀರನ್ನು ಬಾಯಿಗೆ ಒಯ್ದರೆ ಗಂಟಲು ಬಿಗಿದು ತಂಬಿಗೆ ಎತ್ತಿ ಒಗೆದನಂತೆ. ಅಪ್ಪ ಅವನನ್ನೂ ದವಾಖಾನೆಗೆ ಒಯ್ದ. ಒಮ್ಮೆ ಆ ಬೇನೆ ಕಾಣಿಸಿಕೊಂಡ ಮೇಲೆ ಯಾವ ಡಾಕ್ಟರ ಕೈಯಲ್ಲೂ ಏನೂ ಇರುವುದಿಲ್ಲ. ಕಾಕಾ ತಿರುಗಿ ಬರಲಿಲ್ಲ.

"ನಾ ಖರೇ ಹೇಳಿದೆ," ಎಂದು ಅಪ್ಪ ಅವ್ವನ ಮುಂದೆ ಹೇಳಿದ್ದನ್ನು ನಾನು ಕೇಳಿದ್ದೇನೆ. "ಕುಡದಿಲ್ಲ ಅಂತ ಸುಳ್ಳ ಹೇಳಿದ್ರ ಬರತಿದ್ದ." 

ಅಕ್ಕ ಬದುಕಿದ್ದಾಳೆ, ನಿಮಗೆ ಗೊತ್ತೇ ಇದೆ. ಹಬ್ಬಕ್ಕೆ ಬಂದಾಗ ನಿಮ್ಮ ಕೆನ್ನೆ ಹಿಂಡುವ ಕೈ ಅದೇ ಕೈ.

ಈಗ ನಮ್ಮ ಹೊಲದ ಆಚೆಯ ಹುಲ್ಲುಗಾವಲು ಅಷ್ಟು ಉಳಿದಿಲ್ಲ. ಒಂಟ್ಯಾನಂಥ ತೋಳಗಳೂ ಕಡಿಮೆ. ನಾವು ಕಲಬುರಗಿಯ ಜೇವರ್ಗಿ ಕಾಲೋನಿಯ ಮೂರನೇ ಮಹಡಿಯಲ್ಲಿದ್ದೇವೆ, ಕೆಳಗೆ ಧೂಳಿಲ್ಲ, ಹೆಜ್ಜೆ ಮೂಡುವುದಿಲ್ಲ. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ನಕ್ಷೆ ತೋರಿಸಿದಳು. ಯಾವುದೋ ಒಂಟಿ ತೋಳದ ಕೊರಳಿಗೆ ಪಟ್ಟಿ ಕಟ್ಟಿ, ಅದು ಎಲ್ಲೆಲ್ಲಿ ಹೋಗುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂದು ಚುಕ್ಕಿ ಇಟ್ಟು ತಿಳಿಯುತ್ತಾರಂತೆ. ಅವಳು ಚುಕ್ಕಿಗಳನ್ನು ಎಣಿಸುತ್ತಿದ್ದಳು. ನಾನು ಎರಡು ಕನ್ನಡಕ ಬದಲಾಯಿಸಿ, ಆ ಚುಕ್ಕಿಗಳು ತಿರುಗಿ ಹೊರಟ ಜಾಗಕ್ಕೇ ಬರುತ್ತವೆಯೇ ಎಂದು ನೋಡಿದೆ. ಬಂದಿದ್ದವು. ನನಗೆ ಎಷ್ಟು ಸಮಾಧಾನವಾಯಿತೆಂದು ಅವಳಿಗೆ ಹೇಗೆ ಹೇಳಲಿ?

ನಿಮಗೆ ದವಾಖಾನೆ ರಸ್ತೆಯ ತಿರುವಿನಲ್ಲೇ ಇದೆ. ಸೂಜಿ ರಟ್ಟೆಗೆ, ನಾಲ್ಕಾರು ಸಲ, ಇರುವೆ ಕಚ್ಚಿದಷ್ಟು ನೋವು. ನಮಗಿಲ್ಲದ್ದೆಲ್ಲ ನಿಮಗಿದೆ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ನಿನ್ನೆ ಸಂಜೆ ಮೊಮ್ಮಗ ಟ್ಯೂಷನ್ನಿಂದ ಬಂದವನು ಬಲಗೈ ಜೇಬಿನಿಂದ ತೆಗೆಯಲೇ ಇಲ್ಲ. ಎಡಗೈಯಲ್ಲಿ ಊಟಕ್ಕೆ ಕೂತ. ನಾನು ಹೊರಗೆಳೆದು ನೋಡಿದೆ. ಬೀದಿಯ ನಾಯಿಮರಿಯ ಜೊತೆ ಆಡುವಾಗ ಅದರ ಹಲ್ಲು ತಾಗಿ ಹೆಬ್ಬೆರಳ ಹತ್ತಿರ ಗೀರಿತ್ತು, ರಕ್ತದ ಒಂದು ಹನಿ ಒಣಗಿತ್ತು.

"ಏನೂ ಆಗಲ್ಲ ಅಜ್ಜಿ," ಎಂದ. ಬಹಳ ಬುದ್ಧಿವಂತನ ಮುಖ ಮಾಡಿಕೊಂಡು ಹೇಳಿದ. "ನಾನು ಅದಕ್ಕೆ ಬಟ್ಟಲಲ್ಲಿ ನೀರಿಟ್ಟು ನೋಡಿದೆ. ಎಲ್ಲಾ ಕುಡೀತು."

ಆ ಮಾತು ಅವನಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ನಾನಂತೂ ಹೇಳಿಕೊಟ್ಟಿರಲಿಲ್ಲ. ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಹಚ್ಚಿ, ಅವನು ಸಾಕು ಸಾಕು ಎಂದರೂ ಬಿಡದೆ ತೊಳೆದೆ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಊಟ ಮುಗಿಸಿ ಹೋಗೋಣ ಎಂದ, ನಾಳೆ ಹೋಗೋಣ ಎಂದ, ನಾಯಿಮರಿಯನ್ನು ಒಮ್ಮೆ ಬಂದು ನೋಡು ಎಂದ. ನಾನು ನೋಡಲು ಹೋಗಲಿಲ್ಲ. ಚಪ್ಪಲಿ ಮೆಟ್ಟಿ, ಅವನನ್ನು ಮುಂದೆ ಹಾಕಿಕೊಂಡು ಮೆಟ್ಟಿಲು ಇಳಿದೆ.